ರೋಸ್ಮಿರಾಳ ಬಲಗೆನ್ನೆ

ಎಸ್ಪಿನಾಲ್ ಪೇಟೆಯಲ್ಲಿ ಲೆಚೋನ ಮಾರುವವರಿಗೇನೂ ಬರವಿಲ್ಲ. ಹಂದಿಯ ಹೊಟ್ಟೆಗೆ ಬಟಾಣಿ, ಈರುಳ್ಳಿ, ಮಾಂಸ ತುಂಬಿ ಹೊಲಿದು, ಮಣ್ಣಿನ ಗೂಡೊಲೆಯಲ್ಲಿ ರಾತ್ರಿಯಿಡೀ ಬೇಯಿಸಿ ತಂದವರು ಬೆಳಿಗ್ಗೆ ಸಾಲಾಗಿ ಕೂತಿರುತ್ತಾರೆ. ಎಲ್ಲರ ಹಂದಿಯದ್ದೂ ಒಂದೇ ಬಣ್ಣ, ಒಂದೇ ಘಮ. ಆದರೂ ಭಾನುವಾರ ಜನ ಮೊದಲು ನಿಲ್ಲುತ್ತಿದ್ದುದು ರೋಸ್ಮಿರಾ ಒಯುಯೆಲಾಳ ಅಂಗಡಿಯ ಮುಂದೆ. ಅದಕ್ಕೆ ಕಾರಣ ಅವಳ ಬಾಯಿ. ಮಾತಿಗೆ ಮುಂಚೆ ಅವಳು ಹಂದಿಯ ಬೆನ್ನಿನಿಂದ ಅಂಗೈಯಗಲದ ಗರಿಗರಿ ತೊಗಲನ್ನು ಮುರಿದು, ಜನರೆದುರೇ ಬಾಯಿಗಿಟ್ಟು ಕಚ್ಚುತ್ತಿದ್ದಳು. ಆ ಸದ್ದು ಮೂರು ಅಂಗಡಿಯಾಚೆಗೆ ಕೇಳುತ್ತಿತ್ತು.

"ಕೇಳಿಸ್ತಾ? ನಿನ್ನೆ ಮಾಡಿದ್ದಾಗಿದ್ರೆ ತೊಗಲು ಹೀಗೆ ಕೂಗ್ತಿರಲಿಲ್ಲ," ಎನ್ನುವಳು. ಬೊಗೋಟಾದಿಂದ ಬಂದ ಯಾರಾದರೂ, ನಮ್ಮ ಕಡೆ ಹಂದಿಗೆ ಅನ್ನವನ್ನೂ ತುಂಬುತ್ತಾರೆ, ಇದರಲ್ಲಿ ಅನ್ನ ಎಲ್ಲಿ ಎಂದು ಕೇಳಿದರೆ ಅಗಿಯುತ್ತಲೇ ಉತ್ತರ ಕೊಡುವಳು: "ಅನ್ನ ಬೇಕಾದ್ರೆ ಗದ್ದೆಗೆ ಹೋಗಿ ಸ್ವಾಮಿ. ಇದು ಹಂದಿ."

ಗಂಡ ಅರ್ಸೇಸಿಯೊ ಬೇಯಿಸುವವನು, ಅವಳು ಮಾರುವವಳು. ಮಾತು ಅವನಿಗೆ ಬಾರದು, ಅವಳಿಗೆ ಮುಗಿಯದು. ಮದುವೆಯಾದಾಗಿನಿಂದ ಈ ಸಂಸಾರ ಹೀಗೆಯೇ ನಡೆದಿತ್ತು.

ಒಂದು ವರ್ಷ ಮಾರ್ಚ್ ತಿಂಗಳಲ್ಲಿ, ನೆತ್ತಿ ಸುಡುವ ಮಧ್ಯಾಹ್ನ, ಇದ್ದಕ್ಕಿದ್ದಂತೆ ಸುಂಟರಗಾಳಿ ಎದ್ದಿತು. ರೋಸ್ಮಿರಾ ಉಳಿದ ಮಾಂಸಕ್ಕೆ ಬಾಳೆಯೆಲೆ ಮುಚ್ಚುತ್ತಿದ್ದಳು. ಅಂಗಡಿಯ ಮೇಲಿನ ತಗಡು ಮೊಳೆ ಕಿತ್ತುಕೊಂಡು ಹಾರಿ ಬಂದು ಅವಳ ಬಲಗಿವಿಯ ಮುಂದೆ ಕತ್ತಿಯಂತೆ ಸೀಳಿಹೋಯಿತು. ಅರ್ಸೇಸಿಯೊ ಅವಳ ಕೆನ್ನೆಗೆ ತನ್ನ ಅಂಗಿಯನ್ನೇ ಒತ್ತಿ ಹಿಡಿದು, ಸಿಕ್ಕ ಜೀಪಿನಲ್ಲಿ ಇಬಗೇ ಪಟ್ಟಣದ ಆಸ್ಪತ್ರೆಗೆ ಒಯ್ದ. ಅಲ್ಲಿನ ಶಸ್ತ್ರವೈದ್ಯರು ತುಂಡಾಗಿದ್ದ ಮುಖದ ನರದ ಎರಡು ತುದಿ ಹುಡುಕಿ ಹೊಲಿದರು. "ಕೈಲಾದಷ್ಟು ಚೆನ್ನಾಗಿ ಸೇರಿಸಿದೀವಿ. ನರ ಬೆಳೆಯೋಕೆ ತಿಂಗಳುಗಳೇ ಬೇಕು, ಕಾಯಬೇಕು," ಎಂದರು.

ಕಾಯುವುದು ಅವಳ ಜಾಯಮಾನವಲ್ಲ. ಗಾಯ ಮಾಗಿತು, ಮುಖದ ಬಲಭಾಗ ಮಾತ್ರ ಒದ್ದೆ ಬಟ್ಟೆಯಂತೆ ಜೋತುಬಿತ್ತು. ಕಣ್ಣು ಮುಚ್ಚದು; ಮಲಗುವಾಗ ರೆಪ್ಪೆಗೆ ಪಟ್ಟಿ ಅಂಟಿಸಬೇಕು. ಇದನ್ನೆಲ್ಲ ಅವಳು ಸಹಿಸಿದಳು. ಸಹಿಸಲಾಗದ್ದು ಊಟ. ಬಾಯಿಗಿಟ್ಟ ತುತ್ತು ಬಲಗೆನ್ನೆಯ ಸಂದಿಗೆ ಜಾರಿ ಅಲ್ಲೇ ಕೂರುತ್ತಿತ್ತು. ಬೆರಳು ಹಾಕಿ ಹೊರಗೆ ತಳ್ಳಬೇಕು. ಸಾರು ಕುಡಿದರೆ ತುಟಿಯ ಮೂಲೆಯಿಂದ ಗಲ್ಲಕ್ಕೆ ಇಳಿಯುತ್ತಿತ್ತು. ಎಡಗಡೆ ಅಗಿಯೋಣವೆಂದರೆ ಅಲ್ಲೂ ದವಡೆ ತಾಳ ತಪ್ಪುತ್ತಿತ್ತು. ಹಲ್ಲು ಇಳಿಯುವ ಹೊತ್ತಿಗೆ ತುತ್ತು ಬೇರೆಲ್ಲೋ ಇರುತ್ತಿತ್ತು, ಸಿಕ್ಕುತ್ತಿದ್ದುದು ನಾಲಗೆ.

ಅಂಗಡಿಯ ಮುಂದಿನ ಸ್ಟೂಲಿನಲ್ಲಿ ಈಗ ಅರ್ಸೇಸಿಯೊನ ತಂಗಿ ದೆಯನೀರಾ ಕೂತಳು. ಒಳ್ಳೆಯ ಹೆಂಗಸೇ, ಆದರೆ ನಾಲಗೆಗೆ ಎಲುಬಿಲ್ಲ.

"ಅತ್ತಿಗೆ, ಬೇಜಾರು ಮಾಡ್ಕೋಬೇಡ. ನೀನು ಹಿಂದೆ ಕೂತ್ಕೊಂಡು ಎಲೆ ಒರೆಸು. ಊಟ ಮಾಡೋರ ಮುಂದೆ ಬಾಯಲ್ಲಿ ನೀರು ಸುರಿಸ್ಕೊಂಡು ಕೂತ್ರೆ ಯಾರು ತಗೋತಾರೆ ಹೇಳು."

ರೋಸ್ಮಿರಾ ಎದುರುತ್ತರ ಹೇಳಿದ್ದರೂ ಪ, ಬ, ಮ ಅಕ್ಷರಗಳು ತುಟಿಯಲ್ಲೇ ಕರಗಿಹೋಗುತ್ತಿದ್ದವು. ಹಿಂದೆ ಕೂತು ಎಲೆ ಒರೆಸಿದಳು.

ಊರಿನ ದವಾಖಾನೆಯ ಯುವ ವೈದ್ಯ ಅವಳ ದವಡೆಯನ್ನು ಒತ್ತಿ ನೋಡಿ, "ಅಗಿಯೋ ಸ್ನಾಯುವಿನ ನರವೇ ಬೇರೆ, ಅಮ್ಮ. ಅದಕ್ಕೆ ಏಟೇ ಬಿದ್ದಿಲ್ಲ. ಎಲ್ಲಾ ನಿಮ್ಮ ತಲೆಯೊಳಗಿದೆ. ಹೆದರಿಕೆ ಬಿಡಿ, ಸರಿಹೋಗುತ್ತೆ," ಎಂದ.

ಮನೆಗೆ ಬಂದವಳೇ ಒಂದು ತುಂಡು ತೊಗಲು ತೆಗೆದು, ಹೆದರಿಕೆಯನ್ನು ಬಿಟ್ಟೇಬಿಟ್ಟವಳಂತೆ ಕಚ್ಚಿದಳು. ಬಾಯಿ ತುಂಬ ರಕ್ತ ಬಂತು. ಕೆನ್ನೆಯ ಒಳಗಡೆ ಹಲ್ಲಿಗೆ ಸಿಕ್ಕಿತ್ತು. ಅರ್ಸೇಸಿಯೊ ಉಪ್ಪುನೀರು ತಂದುಕೊಟ್ಟು ಎದುರು ಕೂತ.

"ಮೆತ್ತಗಿರೋದು ತಿನ್ನು ಸಾಕು. ಇನ್ಸುಲ್ಸೊ ಮಾಡಿಕೊಡ್ತೀನಿ."

"ಇನ್ಸುಲ್ಸೊ ಹಲ್ಲಿಲ್ಲದ ಕೂಸಿಗೆ ಕೊಡು," ಎಂದಳು. ಮೆಕ್ಕೆಜೋಳದ ಆ ಸಿಹಿ ಗಂಜಿಗಟ್ಟಿಯನ್ನು ಅವಳು ಅಂಗಡಿಯಲ್ಲಿ ಮಾಂಸದ ಜೊತೆ ಮಾರುತ್ತಿದ್ದಳೇ ಹೊರತು ತಾನೆಂದೂ ಇಷ್ಟಪಟ್ಟು ತಿಂದವಳಲ್ಲ. "ನಂಗೆ ಇದು ಯಾಕೆ ಹೀಗೆ ಅಂತ ಗೊತ್ತಾಗಬೇಕು. ನರ ಸರಿ ಇದ್ರೆ ನಾನು ಯಾಕೆ ಅಗಿಯೋಕಾಗ್ತಿಲ್ಲ? ನಾನೇನು ನಾಟಕ ಆಡ್ತಿದೀನಾ?"

ಆ ಪ್ರಶ್ನೆ ಹಿಡಿದುಕೊಂಡೇ ಅವಳು ಇಬಗೇ ಬಸ್ಸು ಹತ್ತಿದಳು. ಅಲ್ಲಿನ ಆಸ್ಪತ್ರೆಯಲ್ಲಿ ನುಂಗುವುದು, ಅಗಿಯುವುದು, ಮಾತಾಡುವುದನ್ನು ಮತ್ತೆ ಕಲಿಸುವ ಮಾರಿತ್ಸಾ ಕುಲ್ಮ ಎಂಬ ಚಿಕಿತ್ಸಕಿ ಇದ್ದಳು. ನಲವತ್ತರ ಆಸುಪಾಸಿನ ಕುಳ್ಳಿ, ಬೊಗೋಟಾದಲ್ಲಿ ಓದುವಾಗ ಮುಖದ ನರ ಕತ್ತರಿಸಿದ ಇಲಿಗಳ ಮೇಲೆ ಕೆಲಸ ಮಾಡುವವರ ಜೊತೆ ಸ್ವಲ್ಪ ಕಾಲ ಇದ್ದವಳು. ರೋಸ್ಮಿರಾ ಹೇಳಿದ್ದನ್ನೆಲ್ಲ ಕೇಳಿ, ಒಂದು ಬಿಸ್ಕತ್ತು ತಿನ್ನಿಸಿ, ದವಡೆಯ ಮೇಲೆ ಎರಡೂ ಕೈಯಿಟ್ಟು ನೋಡಿದಳು.

"ಆ ವೈದ್ಯರು ಅರ್ಧ ಸರಿ ಹೇಳಿದಾರೆ. ಅಗಿಯೋ ನರಕ್ಕೆ ಏನೂ ಆಗಿಲ್ಲ. ತೊಂದರೆ ತಲೆಯೊಳಗೂ ಇದೆ. ಆದ್ರೆ ಅದು ಕಲ್ಪನೆ ಅಲ್ಲ."

"ಹಾಗಂದ್ರೆ?"

"ಮೊದಲನೇದು ಕೆನ್ನೆ. ತುತ್ತನ್ನ ಹಲ್ಲಿನ ಮೇಲಕ್ಕೆ ತಳ್ಳೋದೇ ಅದು. ಈಗ ತಳ್ಳೋರಿಲ್ಲ. ಎರಡನೇದು, ಮಿದುಳಲ್ಲಿ ಕಾವಲು ಜೀವಕೋಶಗಳು ಅಂತಿವೆ. ಎಲ್ಲಾದ್ರೂ ಪೆಟ್ಟು ಬಿತ್ತು ಅಂದ್ರೆ ಅಲ್ಲಿಗೆ ಓಡ್ತವೆ. ನಿಮ್ಮ ನರ ತುಂಡಾಗಿದ್ದು ಕೆನ್ನೇಲಿ, ಆದ್ರೆ ಆ ನರದ ಬೇರಿರೋದು ಮಿದುಳಲ್ಲಿ. ಇವು ಹೋಗಿ ಆ ಬೇರಿನ ಸುತ್ತ ಗುಂಪುಕಟ್ಟಿ, ಬೇರೆ ಕಡೆಯಿಂದ ಅದಕ್ಕೆ ಬರೋ ಎಳೆಗಳನ್ನ ಬಿಡಿಸಿಬಿಡ್ತವೆ."

"ಯಾಕೆ? ಶತ್ರುಗಳಾ?"

"ಅಲ್ಲ. ಗಾಯ ಆದದ್ದು ಸುಧಾರಿಸ್ಕೊಳ್ಳಲಿ ಅಂತ ಇರಬಹುದು. ಆದ್ರೆ ಅಗಿಯೋದು ಒಬ್ಬರ ಕೆಲಸ ಅಲ್ಲವಲ್ಲ. ದವಡೆ, ನಾಲಗೆ, ಕೆನ್ನೆ, ತುಟಿ ಎಲ್ಲಾ ಸೇರಿ ತಾಳ ಹಾಕ್ಬೇಕು. ಒಬ್ಬರ ಮಾತು ನಿಂತ್ರೆ ಮಿಕ್ಕವರಿಗೂ ತಾಳ ತಪ್ಪುತ್ತೆ. ಇಲಿಗಳಲ್ಲಿ ಈ ಗಲಾಟೆ ಮುಖಕ್ಕೆ ಆಜ್ಞೆ ಕೊಡೋ ಮೇಲಿನ ಜಾಗದ ತನಕ ಹೋಗೋದನ್ನ ನೋಡಿದಾರೆ. ಮನುಷ್ಯರಲ್ಲಿ ಎಷ್ಟರಮಟ್ಟಿಗೆ ಹಾಗೇ ಅಂತ ನಂಗೆ ಗೊತ್ತಿಲ್ಲ. ಗೊತ್ತಿದೆ ಅಂತ ಸುಳ್ಳು ಹೇಳೋದೂ ಇಲ್ಲ."

ಗಾಯವಾದಾಗಿನಿಂದ ಮೊದಲ ಸಲ ಯಾರೋ ರೋಸ್ಮಿರಾಳನ್ನು ಸಮಾಧಾನ ಮಾಡದೆ ವಿಷಯ ಹೇಳಿದ್ದರು.

"ಆ ಕಾವಲಿನವರನ್ನ ಓಡಿಸೋ ಮದ್ದಿಲ್ವಾ?"

"ಓಡಿಸಿದ್ರೆ ಗಾಯ ನೋಡ್ಕೊಳ್ಳೋರು ಯಾರು? ನರ ಬಂದು ಸೇರಿದ ಮೇಲೆ ಅವೇ ತಣ್ಣಗಾಗ್ತವೆ. ಅಲ್ಲೀತನಕ ನಿಮ್ಮ ಕೆಲಸ ಒಂದೇ. ನುಂಗಿ ಪಾರಾಗೋದನ್ನ ಕಲೀಬೇಡಿ. ಸ್ವಲ್ಪಸ್ವಲ್ಪ, ನಿಧಾನಕ್ಕೆ, ಕನ್ನಡಿ ನೋಡ್ಕೊಂಡು ಅಗೀರಿ. ಜೋರು ಮಾಡಿದ್ರೆ ಕೆಡುತ್ತೆ."

"ನಿಧಾನ ಅನ್ನೋದು ನನ್ನ ಹತ್ರ ಇಲ್ಲವಲ್ಲಮ್ಮ."

"ಇಲ್ಲದಿದ್ರೆ ಅದನ್ನೂ ಕಲೀರಿ," ಎಂದಳು ಮಾರಿತ್ಸಾ.

ಕಲಿತಳು. ಅಡುಗೆಮನೆಯ ಮೇಜಿನ ಮೇಲೆ ಕನ್ನಡಿ ಬಂತು. ಬಲಗೆನ್ನೆಗೆ ಹೊರಗಿನಿಂದ ಎರಡು ಬೆರಳು ಆನಿಸಿ, ಕಿರುಬೆರಳಿನ ತುದಿಯಷ್ಟು ಬೆಂದ ಮರಗೆಣಸು ಬಾಯಿಗಿಟ್ಟು, ಅದು ಎಲ್ಲಿ ಹೋಗುತ್ತದೆಂದು ಮನಸ್ಸಿನಲ್ಲೇ ಹಿಂಬಾಲಿಸುತ್ತಿದ್ದಳು. ತಪ್ಪಿಸಿಕೊಂಡರೆ ನಾಲಗೆಯಿಂದ ಹುಡುಕಿ ತರುತ್ತಿದ್ದಳು. ಇನ್ಸುಲ್ಸೊವನ್ನೂ ಶಪಿಸುತ್ತಲೇ ತಿಂದಳು. ಬಾಳೆಹಣ್ಣು, ಮಾವು, ಬಿಳಿ ಅರೆಪ ರೊಟ್ಟಿಯ ಚೂರು, ಹೀಗೆ ಒಂದೊಂದೇ ಮೆಟ್ಟಿಲು. ಅರ್ಸೇಸಿಯೊ ಎದುರು ಕೂತು ಅವಳಷ್ಟೇ ನಿಧಾನಕ್ಕೆ ಊಟ ಮಾಡುವುದನ್ನು ರೂಢಿಮಾಡಿಕೊಂಡ. ಹಂದಿ ಸುಟ್ಟು ದಣಿದು ಬಂದವನು, ಹಸಿದವನು, ತಟ್ಟೆಯಲ್ಲಿ ಬಟಾಣಿಯನ್ನು ಒಂದೊಂದಾಗಿ ಹೆಕ್ಕುತ್ತ ಕೂತಿರುವುದನ್ನು ನೋಡಿ ಅವಳಿಗೇ ನಗು ಬರುತ್ತಿತ್ತು. ನಕ್ಕರೆ ಮುಖ ಎಡಕ್ಕೆ ಎಳೆದುಕೊಳ್ಳುತ್ತಿತ್ತು. ಆಮೇಲಾಮೇಲೆ ಅದನ್ನು ಇಬ್ಬರೂ ಲೆಕ್ಕಕ್ಕಿಡಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ತುಟಿಯ ಮೂಲೆ ಒಮ್ಮೆ ಮಿಡುಕಿತು. ಆಮೇಲೆ ಕೆನ್ನೆಯಲ್ಲಿ ಇಷ್ಟಿಷ್ಟೇ ಬಿಗಿ ಬಂತು. ಕಣ್ಣೂ ಮುಚ್ಚತೊಡಗಿತು. ಆದರೆ ಅದರ ಹಿಂದೆಯೇ ಇನ್ನೊಂದು ಪೀಡೆ ಹೊಕ್ಕಿತು: ಅವಳು ತುತ್ತು ಅಗಿದಾಗಲೆಲ್ಲ ಬಲಗಣ್ಣು ತಾನೇ ಮುಚ್ಚಿ ತೆರೆಯುತ್ತಿತ್ತು. ಕನ್ನಡಿಯಲ್ಲಿ ಅದನ್ನು ನೋಡಿದ ದಿನ ರೋಸ್ಮಿರಾ ಕನ್ನಡಿಯನ್ನು ಬೋರಲು ಹಾಕಿ, ಕೋಳಿಗೂಡಿನ ಹಿಂದೆ ಹೋಗಿ ಅತ್ತಳು. ಯಾರ ಮುಂದೆಯೂ ಅತ್ತವಳಲ್ಲ.

"ನರ ಬೆಳೆಯುವಾಗ ಕೆಲವು ಎಳೆ ದಾರಿ ತಪ್ಪಿ ಬೇರೆ ಮನೆಗೆ ಹೋಗಿ ಸೇರ್ತವೆ," ಎಂದಳು ಮಾರಿತ್ಸಾ, ರೋಸ್ಮಿರಾ ಮತ್ತೆ ಇಬಗೇಗೆ ಹೋದಾಗ. "ಬಾಯಿಗೆ ಹೋಗಬೇಕಾದ್ದು ಕಣ್ಣಿಗೆ ಹೋಗಿದೆ. ಅಭ್ಯಾಸದಿಂದ ಕಡಿಮೆಯಾಗುತ್ತೆ. ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲಾರೆ."

"ಅಗಿಯೋಕೆ ಅಡ್ಡಿ ಇದೆಯಾ?"

"ಇಲ್ಲ."

"ಹಾಗಾದ್ರೆ ಮುಚ್ಚಿಕೊಳ್ಳಲಿ ಬಿಡಿ."

ಮುಂದಿನ ಭಾನುವಾರ ಅವಳು ದೆಯನೀರಾಳಿಗಿಂತ ಮೊದಲೇ ಬಂದು ಮುಂದಿನ ಸ್ಟೂಲಿನಲ್ಲಿ ಕೂತಿದ್ದಳು. ದೆಯನೀರಾ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅತ್ತಿಗೆ, ಜನ ನೋಡ್ತಾರೆ."

"ನೋಡಲಿ ಅಂತಾನೇ ಕೂತಿದೀನಿ. ಆ ಕಡೆ ತಕ್ಕಡಿ ಹಿಡ್ಕೊ."

"ಬಾಯಿಂದ ಏನಾದ್ರೂ ಬಿತ್ತು ಅಂದ್ರೆ?"

"ಬಿದ್ರೆ ಒರೆಸ್ಕೋತೀನಿ. ನನ್ನ ಹತ್ರ ಕರವಸ್ತ್ರ ಇದೆ, ನಾಚಿಕೆ ಇಲ್ಲ."

ತೊಗಲಿನ ಸಣ್ಣ ಚೂರು ಮುರಿದು ಬಾಯಿಗಿಟ್ಟಳು. ಮೊದಲಿನ ಸದ್ದಿಲ್ಲ. ನಿಧಾನಕ್ಕೆ, ಕೆನ್ನೆಗೆ ಬೆರಳು ಆನಿಸಿಕೊಂಡೇ ಅಗಿದಳು. ಎದುರಿಗೆ ನಿಂತಿದ್ದವನು ಅಕ್ಕಿ ಗಿರಣಿಯ ಲಾರಿ ಓಡಿಸಿ ನಿವೃತ್ತನಾಗಿದ್ದ ವಿಧುರ ದೋನ್ ಬೆಲಿಸಾರಿಯೊ. ಅವನು ಸುತ್ತಮುತ್ತ ನೋಡಿ ದನಿ ತಗ್ಗಿಸಿದ.

"ರೋಸ್ಮಿರಾ, ನಿನ್ನ ಗಂಡ ಇಲ್ಲೇ ಇದಾನಲ್ಲೇ."

"ಇದಾನೆ. ಯಾಕೆ?"

"ನಂಗೆ ಕಣ್ಣು ಹೊಡೀತಿದೀಯ."

"ತಿನ್ನುವಾಗ ಎಲ್ಲರಿಗೂ ಹೊಡೀತೀನಿ. ನಿಮ್ಮ ಪಕ್ಕದ ನಾಯಿಗೂ ಈಗಷ್ಟೇ ಹೊಡೆದೆ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ದೋನ್ ಬೆಲಿಸಾರಿಯೊ ತಾನೂ ನಕ್ಕು ಎರಡು ಪಾಲು ಕಟ್ಟಿಸಿಕೊಂಡ. ಎಲ್ಲರೂ ಹಾಗಿರಲಿಲ್ಲ. ಒಬ್ಬಾಕೆ ಮುಖ ತಿರುಗಿಸಿಕೊಂಡು ಮುಂದಿನ ಅಂಗಡಿಗೆ ಹೋದಳು, ರೋಸ್ಮಿರಾ ಅದನ್ನು ನೋಡಿದಳು, ನೋಡಿಯೂ ಕೂತೇ ಇದ್ದಳು. ಆ ದಿನ ಹಂದಿ ಖಾಲಿಯಾಗಲಿಲ್ಲ. ಮುಂದಿನ ವಾರವೂ ಅವಳು ಅಲ್ಲಿಯೇ ಕೂತಳು, ಅದರ ಮುಂದಿನ ವಾರವೂ.

ಮರುವರ್ಷ ದೆಯನೀರಾಳ ಮಗಳ ಮದುವೆಯಾಯಿತು. ಚರ್ಚಿನ ಹಿಂದಿನ ಮಾವಿನ ಮರಗಳ ಕೆಳಗೆ ಉದ್ದ ಮೇಜು ಹಾಕಿದ್ದರು. ನೂರಾರು ಜನ ಉಂಡೆದ್ದು ಕುಣಿಯಲು ಹೋದರು. ರೋಸ್ಮಿರಾಳ ತಟ್ಟೆಯಲ್ಲಿ ಇನ್ನೂ ಅರ್ಧ ಮಾಂಸ ಉಳಿದಿತ್ತು. ಬಡಿಸುವ ಹೆಂಗಸು ಬಂದು ತಟ್ಟೆಗೆ ಕೈಹಾಕಿದಳು.

"ಕೈ ತೆಗಿ. ಮುಗಿದಿಲ್ಲ," ಎಂದಳು ರೋಸ್ಮಿರಾ, ತಟ್ಟೆಯ ಅಂಚನ್ನು ಬಿಡದೆ.

ಅತ್ತ ಕಡೆಯಿಂದ ಮಿರುಗುವ ಹೊಸ ಉಡುಪಿನಲ್ಲಿ ಮದುವಣಗಿತ್ತಿಯ ತಾಯಿ ಬಂದಳು. ಬೀಗರು ಕರೆಯುತ್ತಿದ್ದರು, ವಾದ್ಯದವರು ಕಾಯುತ್ತಿದ್ದರು. ದೆಯನೀರಾ ಕುರ್ಚಿ ಎಳೆದು ಅತ್ತಿಗೆಯ ಎದುರು ಕೂತು, ಬಿಗಿಯುತ್ತಿದ್ದ ಚಪ್ಪಲಿ ಕಳಚಿ, ತನಗೂ ಒಂದು ತಟ್ಟೆ ತರಿಸಿಕೊಂಡಳು.

"ನಾನೂ ಬೆಳಿಗ್ಗೆಯಿಂದ ಏನೂ ತಿಂದಿಲ್ಲ," ಎಂದಳು. "ನೀನು ಅವಸರ ಮಾಡಬೇಡ."

"ನಾನ್ಯಾಕೆ ಮಾಡ್ಲಿ," ಎಂದು ರೋಸ್ಮಿರಾ ಮುಂದಿನ ತುತ್ತು ಮುರಿದಳು.