ಹೊಳ್ಳಿ ಬರುವ ಪುರಾವೆ

ನಮ್ಮ ಮನೆಯ ಹದಿನಾಲ್ಕು ಜನರಲ್ಲಿ ಎಲ್ಲರ ದನಿಯನ್ನೂ ಅಣಕಿಸಲು ನನಗೆ ಬರುತ್ತದೆ. ಮನೆಯಲ್ಲಿ ನನಗೆ ಮರ್ಯಾದೆ ಕಡಿಮೆಯಿರುವುದು ಅದಕ್ಕೇ. ಹೀಗಿರುವಾಗ, ಹೊರದೇಶದ ಕನ್ನಡಿಗರು ರಾಜ್ಯೋತ್ಸವಕ್ಕೆ ಹದಿನೈದು ನಿಮಿಷ ಮಿಮಿಕ್ರಿ ಮಾಡಲು ಕರೆದರು. ಹುಟ್ಟಿದಾಗಿನಿಂದ "ಬಾಯಿ ಮುಚ್ಚಲೇ" ಎನ್ನಿಸಿಕೊಂಡವನನ್ನು ಮೊದಲ ಸಲ ಯಾರೋ ಮಾತಾಡು ಎಂದಿದ್ದರು. ಬೇಕಾದದ್ದು ವೀಸಾ ಒಂದೇ.

ವೀಸಾ ಅರ್ಜಿ ವಿಚಿತ್ರ ಸಾಹಿತ್ಯ. ಒಳಗೆ ಬಿಡಿ ಎಂದು ಬೇಡುತ್ತಲೇ, ಹೊರಗೆ ಹೋಗಿಯೇ ತೀರುತ್ತೇನೆ ಎಂದು ಪುಟಪುಟಕ್ಕೂ ಆಣೆ ಮಾಡಬೇಕು. ನಮ್ಮ ಸದಲಗಾದಲ್ಲಿ ಬೀಗರ ಹೊಸ್ತಿಲಲ್ಲೇ ನಿಂತು ಯಾವಾಗ ಹೊರಡುತ್ತೇನೆಂದು ಬರೆದುಕೊಟ್ಟರೆ ದೊಡ್ಡ ಜಗಳವೇ ಆದೀತು. ಚಪ್ಪಲಿ ಬಚ್ಚಿಟ್ಟು ಇನ್ನೊಂದು ದಿನ ಉಳಿಸಿಕೊಳ್ಳುವ ಜನ ನಾವು.

"ನೀವು ಹೊಳ್ಳಿ ಬರ್ತೀರಿ ಅನ್ನಾಕ ಪುರಾವೆ ಬೇಕ್ರಿ. ನಿಮ್ಮ ಹೆಸರಿಗೆ ಹೊಲದ ಉತಾರ, ಅಂದ್ರ ಪಹಣಿ, ಐತೇನ್ರಿ?" ಎಂದ ನಿಪ್ಪಾಣಿಯ ಏಜೆಂಟ.

ನನ್ನ ಹೆಸರಿಗೆ ಇದ್ದದ್ದು ನನ್ನ ಹೆಸರು ಮಾತ್ರ. ಕಬ್ಬಿನ ಹೊಲ, ಮನೆ, ಟ್ರ್ಯಾಕ್ಟರ್, ನಾನು ಗತ್ತಿನಿಂದ ಓಡಿಸುವ ಬೈಕು ಸಹ ಅಜ್ಜನ ಹೆಸರಿನಲ್ಲಿವೆ.

"ಅಪ್ಪಾ, ಒಂದ್ ಎಕರೆ ಇವನ ಹೆಸರಿಗೆ ಮಾಡೂಣೇನು?" ಎಂದು ಕಾಕಾ ಕೇಳಿದ.

"ಇವತ್ತ ಇವಂಗ ಒಂದ್ ಎಕರೆ, ನಾಳೆ ಮನ್ಯಾಗ ನಾಕ್ ಒಲಿ. ಆಗಂಗಿಲ್ಲ," ಎಂದ ಅಜ್ಜ. ಇದನ್ನು ನಾನು ಅಜ್ಜನ ದನಿಯಲ್ಲೇ ಹೇಳಿ ಕೇಳಿಸಿದರೆ ನೀವೂ ಎದುರಾಡಲಿಕ್ಕಿಲ್ಲ.

ಉತಾರದ ಬದಲಿಗೆ ಅಜ್ಜ ತಾನೇ ಒಂದು ಪತ್ರ ಹೇಳಿ ಬರೆಸಿದ: "ನಮ್ಮ ಹುಡುಗ ಹೊಳ್ಳಿ ಬರತಾನ. ಬರಲಿಲ್ಲಂದ್ರ ನಾನ ಬಂದು ಕಿವಿ ಹಿಡದು ಕರಕೊಂಡು ಹೋಗತೇನಿ." ಕೆಳಗೆ ಮನೆಮಂದಿಯ ಸಹಿ, ಅಜ್ಜಿಯ ಹೆಬ್ಬೆಟ್ಟು. ಓದಿದ ಏಜೆಂಟ ನಗು ತಡೆದುಕೊಂಡು, "ಅಜ್ಜಾರ, ಹಂಗ ಬರಾಕ ನಿಮಗೂ ವೀಸಾ ಬೇಕಾಗತೈತ್ರಿ," ಎಂದ. ಆದರೂ ಪತ್ರವನ್ನು ಅರ್ಜಿಗೆ ಲಗತ್ತಿಸಿದೆವು.

ಮೂರು ವಾರಕ್ಕೆ ಉತ್ತರ ಬಂತು: ತಿರಸ್ಕೃತ. ಅರ್ಜಿದಾರನನ್ನು ಸ್ವದೇಶಕ್ಕೆ ಮರಳಿಸುವಷ್ಟು ಬಂಧಗಳು ಕಂಡುಬಂದಿಲ್ಲ. ಫೋನಿನಲ್ಲಿ ಇದನ್ನು ಓದುವಾಗ ಕಾಕಾನ ಗಡ್ಡ ನನ್ನ ಹೆಗಲಿಗೆ ಚುಚ್ಚುತ್ತಿತ್ತು, ತಂಗಿ ಬೆನ್ನಿಗೆ ಜೋತುಬಿದ್ದಿದ್ದಳು, ಅವ್ವ ಹಿಟ್ಟಿನ ಕೈಯಲ್ಲೇ ಬಂದು ಇಣುಕುತ್ತಿದ್ದಳು. ನನಗೆ ಉಸಿರಾಡಲೂ ಜಾಗವಿರಲಿಲ್ಲ.

"ಏನ್ ಬರದಾನಲೇ ಆ ವೀಸಾ ಸಾಹೇಬ?" ಎಂದು ಅಜ್ಜ ಕೇಳಿದ.

"ನನಗ ಇಲ್ಲಿ ಯಾರೂ ಇಲ್ಲಂತ ಅಜ್ಜಾ."

ಅಜ್ಜ ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿದ. "ಆ ಸಾಹೇಬನ್ನ ಊಟಕ್ಕ ಕರಿ. ಬಂದು ನೋಡಲಿ. ಹೊತ್ತ ಮುಳಗೂದ್ರಾಗ ಬರಾಕ ಹೇಳು, ಜೈನರ ಮನಿ, ಕತ್ಲಾದ ಮ್ಯಾಲ ಒಲಿ ಹಚ್ಚೂದಿಲ್ಲ."

ರಾಜ್ಯೋತ್ಸವ ನಾನಿಲ್ಲದೆಯೇ ನಡೆಯಿತು. ಸಾಹೇಬರು ಇನ್ನೂ ಬಂದಿಲ್ಲ. ಬಂದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಮನೆಯೊಳಗೆ ಬರಲು ಯಾವ ಅರ್ಜಿಯೂ ಬೇಡ, ಹೊರಡಲು ಮಾತ್ರ ಅಜ್ಜನ ಒಪ್ಪಿಗೆ ಬೇಕು, ಅದು ಸುಲಭಕ್ಕೆ ಸಿಗುವುದಿಲ್ಲ.