ಬೇಸಿಗೆ ಹಬ್ಬದಲ್ಲಿ ಅತ್ತೆಯ ಪ್ರದಕ್ಷಿಣೆ

ವರ್ಷವಿಡೀ ಒಂದೇ ಸಮನೆ ಬೆವರುವ ಊರಿನಲ್ಲಿ ಬೇಸಿಗೆ ಹಬ್ಬ ಅಂತ ಮಾಡುವುದಕ್ಕೆ ಧೈರ್ಯ ಬೇಕು. ಸಿಂಗಪುರದ ಜಪಾನಿನವರಿಗೆ ಆ ಧೈರ್ಯ ಇದೆ. ಪುಂಗೋಲ್‌ನ ನಮ್ಮ ಬ್ಲಾಕಿನ ಲಿಫ್ಟ್ ಪಕ್ಕದ ನೋಟಿಸ್ ಬೋರ್ಡಿನಲ್ಲಿ, ಡೆಂಗ್ಯೂ ಎಚ್ಚರಿಕೆಗೂ ಕಾರಿಡಾರಿನಲ್ಲಿ ಸೈಕಲ್ ನಿಲ್ಲಿಸಬೇಡಿ ಎಂಬ ಆಜ್ಞೆಗೂ ನಡುವೆ, ಬೀಸಣಿಗೆ ಹಿಡಿದ ಹೆಂಗಸಿನ ಚಿತ್ರವಿದ್ದ ಪೋಸ್ಟರ್ ಒಂದು ಬಂತು. ಶನಿವಾರ ಸಂಜೆ, ಹತ್ತಿರದ ಮೈದಾನದಲ್ಲಿ ಜಪಾನಿ ಬೇಸಿಗೆ ಹಬ್ಬ, ಎಲ್ಲರಿಗೂ ಸ್ವಾಗತ. ನನ್ನ ಗಂಡ ಅದರ ಫೋಟೊ ಹೊಡೆದುಕೊಂಡು ಬಂದು, ಊಟದ ಮೇಜಿನ ಮೇಲೆ ಫೋನ್ ಇಟ್ಟು, "ಪ್ರಾಬ್ಲಮ್ ಸಾಲ್ವ್ ಆಯ್ತು" ಎಂದರು.

ಪ್ರಾಬ್ಲಮ್ ಏನೆಂದರೆ ನಮ್ಮ ಮನೆಯಲ್ಲಿ ಹಬ್ಬವೇ ಇರಲಿಲ್ಲ. ಹಿಂದಿನ ವರ್ಷ ಗಣೇಶನ ಹಬ್ಬ ಕಳೆದ ಮೇಲೆ ಮೈಸೂರಿನಲ್ಲಿ ಮಾವ ತೀರಿಕೊಂಡರು. ಕರ್ಮಗಳೆಲ್ಲ ಮುಗಿದ ಮೇಲೆ ಅತ್ತೆಯನ್ನು ನಮ್ಮ ಜೊತೆಗೇ ಕರೆತಂದೆವು. ಹಿರಿಯರು ಹೋದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬ ಮಾಡುವುದಿಲ್ಲ. ದೀಪಾವಳಿಗೆ ಎಣ್ಣೆಸ್ನಾನವಿಲ್ಲ, ಸಂಕ್ರಾಂತಿಗೆ ಎಳ್ಳು ಬೀರಲಿಲ್ಲ, ಯುಗಾದಿಯ ದಿನ ಬ್ರೆಡ್ ಟೋಸ್ಟ್ ತಿಂದು ಆಫೀಸಿಗೆ ಹೋದೆವು. ಅತ್ತೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಎಲ್‌ಆರ್‌ಟಿ ರೈಲು ಬರುವುದನ್ನೂ ಹೋಗುವುದನ್ನೂ ನೋಡುತ್ತಿದ್ದರು. ಅದರಲ್ಲಿ ಡ್ರೈವರ್ ಇಲ್ಲ ಎಂಬುದು ಮೊದಲ ವಾರ ಅವರಿಗೆ ಆಶ್ಚರ್ಯ ತಂದಿತ್ತು. ಆಮೇಲೆ ಅದೂ ಇಲ್ಲ.

"ಹಬ್ಬ ಮಾಡಬಾರದು ಅನ್ನೋ ರೂಲ್ ಇರೋದು ನಮ್ಮ ಹಬ್ಬಕ್ಕೆ" ಎಂದು ಗಂಡ ವಿವರಿಸಿದರು. "ಜಪಾನ್ ಹಬ್ಬದ ಬಗ್ಗೆ ಶಾಸ್ತ್ರದಲ್ಲಿ ಏನೂ ಹೇಳಿಲ್ಲ. ಅಮ್ಮನಿಗೂ ಒಂದು ಔಟಿಂಗ್ ಆಗುತ್ತೆ. ಜಾಲಿಯಾಗಿ ಇರುತ್ತೆ." ತಂಜಾಂಗ್ ಪಗಾರ್‌ನ ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವ ಮನುಷ್ಯ. ನಿಯಮದಲ್ಲಿ ತೂತು ಎಲ್ಲಿದೆ ಎಂದು ಹುಡುಕುವುದಕ್ಕೇ ಸಂಬಳ ಕೊಡುತ್ತಾರೆ. ಋಷಿಮುನಿಗಳ ಕಣ್ಣಿಗೂ ಬೀಳದ ತೂತನ್ನು ಇವರು ಲಿಫ್ಟ್ ಪಕ್ಕದಲ್ಲಿ ಕಂಡುಹಿಡಿದಿದ್ದರು.

ಇದಲ್ಲದೆ ನಮ್ಮ ಮನೆಯಲ್ಲಿ ಯಾವ ಶಾಸ್ತ್ರದಲ್ಲೂ ಇಲ್ಲದ ಇನ್ನೊಂದು ನಿಷೇಧವಿತ್ತು. ಅದನ್ನು ಹೊರಡಿಸಿದವರೂ ನನ್ನ ಗಂಡನೇ. ಅತ್ತೆಯ ಎದುರು ಮಾವನ ವಿಷಯ ಎತ್ತಬಾರದು, ಎತ್ತಿದರೆ ಅವರ ಬಿಪಿ ಏರುತ್ತದೆ. ಮಾವನ ಫೋಟೊ ಬೀರುವಿನಲ್ಲಿ ಬೆಡ್‌ಶೀಟುಗಳ ಕೆಳಗೆ ಹೋಯಿತು. ಅತ್ತೆಯೇ ಬಾಯಿ ತೆಗೆದು "ನಿಮ್ಮಪ್ಪ ಇದ್ದಿದ್ರೆ..." ಎಂದು ಶುರುಮಾಡಿದರೆ ಮಗ ತಕ್ಷಣ, "ಅಮ್ಮ, ನೀರು ಕುಡೀತೀಯಾ?" ಎಂದು ಎದ್ದುಬಿಡುತ್ತಿದ್ದರು. ನೀರು ತಂದುಕೊಟ್ಟು, ಅವರು ಪೂರ್ತಿ ಕುಡಿಯುವ ತನಕ ನಿಂತು, ಲೋಟ ತೆಗೆದುಕೊಂಡು ಹೋಗುತ್ತಿದ್ದರು. ಆ ವರ್ಷ ಅತ್ತೆ ಕುಡಿದಷ್ಟು ನೀರನ್ನು ನಮ್ಮ ಮನೆಯಲ್ಲಿ ಬೇರೆ ಯಾರೂ ಕುಡಿದಿಲ್ಲ.

ಪಾಪ, ಅವರಿಗೆ ಈ ದೇಶದಲ್ಲಿ ಬೇಕಾಗಿದ್ದದ್ದು ಒಂದೇ. ಜೊತೆಯಲ್ಲಿ ಬಾಳಿದ ಮನುಷ್ಯನ ಬಗ್ಗೆ ಮಗನ ಎದುರು ಕೂತು ನಾಲ್ಕು ಮಾತು ಆಡಬೇಕಿತ್ತು. ಮಧ್ಯಾಹ್ನ ಬೀನ್ಸ್ ಬಿಡಿಸುತ್ತ ನನ್ನ ಹತ್ತಿರ ಹೇಳುತ್ತಿದ್ದರು, ನಿಜ. ಆದರೆ ಸೊಸೆಗೆ ಹೇಳಿದ್ದು ಮಗನಿಗೆ ಹೇಳಿದ ಹಾಗೆ ಆಗುತ್ತಿರಲಿಲ್ಲ. ಎಷ್ಟು ಹೇಳಿದರೂ ಅವರ ಬಿಪಿ ಏರಿದ್ದನ್ನು ನಾನಂತೂ ನೋಡಿಲ್ಲ. ಬಿಪಿ ಮೆಷಿನ್ ತೋರಿಸಿ ಇದನ್ನೇ ಗಂಡನಿಗೆ ಹೇಳಿದರೆ ಮೆಷಿನ್ ಸರಿಯಿಲ್ಲ ಎಂದರು. ಹಾಗಾದರೆ ಒಂದು ಸಲ ನಿಮ್ಮ ತೋಳಿಗೆ ಕಟ್ಟಿ ನೋಡೋಣ ಎಂದೆ. ಒಪ್ಪಲಿಲ್ಲ.

ಶನಿವಾರ ಸಂಜೆ ನಾಲ್ಕೂ ಜನ ಹೊರಟೆವು. ಮಗಳು ಶಾಲೆಯಲ್ಲಿ ಮೂರನೇ ಭಾಷೆಯಾಗಿ ಜಪಾನಿ ಕಲಿಯುತ್ತಾಳೆ. ಕನ್ನಡದಲ್ಲಿ ಒಂದು ಸಾಲು ಓದು ಎಂದರೆ ತಲೆನೋವು ಬರುವ ಹುಡುಗಿ ಜಪಾನಿಯ ಮೂರು ಬಗೆಯ ಲಿಪಿಗಳನ್ನು ಖುಷಿಯಾಗಿ ಬರೆಯುತ್ತಾಳೆ, ಇರಲಿ. ಗೆಳತಿಯಿಂದ ಎರವಲು ತಂದ, ನಿಲುವಂಗಿಯಂಥ ಜಪಾನಿ ಉಡುಪು ಹಾಕಿಕೊಂಡು, ಇಷ್ಟಿಷ್ಟೇ ಹೆಜ್ಜೆ ಇಡುತ್ತ ಬಂದಳು. ನಾನು ಚಿತ್ರಾನ್ನದ ಡಬ್ಬಿ ಹಿಡಿದಿದ್ದೆ. ಗಂಡ ಎಂದಿನಂತೆ ಎಲ್ಲರಿಗಿಂತ ಮುಂದೆ, ಬೆನ್ನಿಗೆ ಬ್ಯಾಗ್ ಹಾಕಿಕೊಂಡು, ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಎಂಬಂತೆ ನಡೆಯುತ್ತಿದ್ದರು. ಕುಟುಂಬದ ಜೊತೆ ಹೊರಗೆ ಹೋಗುವುದೆಂದರೆ ಅವರ ಪ್ರಕಾರ ಕುಟುಂಬಕ್ಕಿಂತ ಮೊದಲು ತಲುಪುವುದು.

ಇದು ವಂಶಪಾರಂಪರ್ಯ. ಮಾವನೂ ಹೀಗೇ ಇದ್ದರು. ಮದುವೆಯಾಗಲಿ ಮಾರ್ಕೆಟ್ ಆಗಲಿ, ಅವರು ಮುಂದೆ, ಅತ್ತೆ ಹಿಂದೆ, ತಿರುಗಿ ನೋಡುವ ಅಭ್ಯಾಸವೇ ಇಲ್ಲ. ಜನಜಂಗುಳಿಯಲ್ಲಿ ಅತ್ತೆ ಬಿಳಿ ಶರಟಿನ ಬೆನ್ನನ್ನು ಗುರುತಿಟ್ಟುಕೊಂಡು ನಡೆಯುತ್ತಿದ್ದರಂತೆ. ಒಮ್ಮೆ ದೇವರಾಜ ಮಾರ್ಕೆಟ್ಟಿನಲ್ಲಿ ಬೇರೆ ಯಾರದೋ ಬಿಳಿ ಶರಟಿನ ಹಿಂದೆ ಬಸ್ ಸ್ಟ್ಯಾಂಡಿನ ತನಕ ಹೋಗಿದ್ದರಂತೆ. ಇದನ್ನು ಅತ್ತೆ ನನಗೆ ನಗುತ್ತಲೇ ಹೇಳಿದ್ದರು. ನನಗೆ ಮಾತ್ರ ಕೇಳಿ ಮೈಯೆಲ್ಲ ಉರಿದಿತ್ತು.

ಮೈದಾನದಲ್ಲಿ ಅರ್ಧ ಪುಂಗೋಲ್ ಸೇರಿತ್ತು. ಆಕ್ಟೋಪಸ್ ತುಂಬಿದ ಬಿಸಿ ಬಿಸಿ ಉಂಡೆಗಳಿಗೆ ಉದ್ದನೆಯ ಕ್ಯೂ. ದೂರದಿಂದ ನೋಡಿದರೆ ಥೇಟು ನಮ್ಮ ಗುಳಿಯಪ್ಪ, ಅಂಥದೇ ಗುಳಿಗಳ ಕಾವಲಿ. ಅತ್ತೆಯ ಮುಖ ಅರಳಿತು. ಒಳಗೇನಿದೆ ಎಂದು ಮೊಮ್ಮಗಳು ಹೇಳಿದಳು, ಮುಖ ಮುದುಡಿಕೊಂಡಿತು. ನೂಡಲ್ಸ್ ಆದರೂ ತಿನ್ನಬಹುದೇ ಎಂದು ಗಂಡ ಸ್ಟಾಲ್‌ಸ್ಟಾಲಿಗೆ ಹೋಗಿ ವಿಚಾರಿಸಿದರು. ಮಾಂಸ ಇಲ್ಲ, ಮೀನಿನ ಪುಡಿ ಮಾತ್ರ ಇದೆ ಎಂದು ಸ್ಟಾಲಿನವರು ಬಹಳ ವಿನಯದಿಂದ ಹೇಳಿದರು. ಕೊನೆಗೆ ಹೆರೆದ ಐಸಿನ ಮೇಲೆ ಕೆಂಪು ಶರಬತ್ತು ಸುರಿದು ಕೊಟ್ಟದ್ದು ಒಂದೇ ನಮಗೆ ದಕ್ಕಿದ್ದು. ಮೈಸೂರಿನಲ್ಲಿ ಶಾಲೆಯ ಗೇಟಿನ ಮುಂದೆ ಸಿಗುತ್ತಿದ್ದ ಐಸ್ ಅನ್ನೇ ತಿನ್ನಲು ನಾವು ಜಪಾನಿನ ಹಬ್ಬದ ತನಕ ಬಂದಿದ್ದೆವು.

"ಇದನ್ನ ನಿಮ್ಮಪ್ಪ..." ಎಂದು ಅತ್ತೆ ಚಮಚ ಎತ್ತಿದರು.

"ಅಮ್ಮ, ಗಂಟಲು ಹಿಡಿಯುತ್ತೆ. ನೀರು ಕುಡೀತೀಯಾ?"

ಐಸ್ ತಿನ್ನುತ್ತಿರುವವರಿಗೆ ನೀರು. ನಾನು ಚಿತ್ರಾನ್ನದ ಡಬ್ಬಿ ತೆಗೆದೆ.

ಅಷ್ಟರಲ್ಲಿ ಮೈದಾನದ ಮಧ್ಯೆ ಡೋಲು ಶುರುವಾಯಿತು. ಅಲ್ಲೊಂದು ಎತ್ತರದ ಅಟ್ಟಣೆ ಕಟ್ಟಿದ್ದರು. ಮೇಲೆ ದೊಡ್ಡ ಡೋಲು, ನಾಲ್ಕೂ ದಿಕ್ಕಿಗೆ ಸಾಲುಸಾಲು ಕಾಗದದ ದೀಪಗಳು. ಅದರ ಸುತ್ತ ಜನ ಕೈಯೆತ್ತಿ, ಚಪ್ಪಾಳೆ ತಟ್ಟಿ, ನಿಧಾನವಾಗಿ ಹೆಜ್ಜೆ ಹಾಕುತ್ತ ಸುತ್ತತೊಡಗಿದರು. ಮಗಳೂ ಕ್ಲಾಸಿನ ಗೆಳತಿಯರ ಜೊತೆ ಸೇರಿಕೊಂಡಳು.

ನಾನು ಡಬ್ಬಿಯ ಮುಚ್ಚಳ ಹಾಕಿ ತಿರುಗುವುದರೊಳಗೆ ಅತ್ತೆ ಇರಲಿಲ್ಲ. ಕುರ್ಚಿಯ ಪಕ್ಕದಲ್ಲಿ ಅವರ ಚಪ್ಪಲಿ ಮಾತ್ರ ಇತ್ತು. ನೋಡಿದರೆ ಸೆರಗು ಹೊದ್ದು, ಬರಿಗಾಲಲ್ಲಿ, ಕೈಮುಗಿದುಕೊಂಡು ಅಟ್ಟಣೆಯ ಪ್ರದಕ್ಷಿಣೆ ಹಾಕುತ್ತಿದ್ದಾರೆ. ದೀಪವಿದೆ, ವಾದ್ಯವಿದೆ, ಎತ್ತರದ ಮಂಟಪವಿದೆ, ಜನ ಸುತ್ತುತ್ತಿದ್ದಾರೆ. ಇಷ್ಟಿದ್ದ ಮೇಲೆ ಒಳಗೆ ದೇವರು ಇಲ್ಲದಿರಲು ಹೇಗೆ ಸಾಧ್ಯ? ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತಬೇಕು ಎಂಬುದು ಅವರಿಗೆ ಉಸಿರಾಡಿದಷ್ಟು ಸಹಜ. ಜಪಾನಿನವರೆಲ್ಲ ಅಟ್ಟಣೆಯನ್ನು ಎಡಕ್ಕಿಟ್ಟುಕೊಂಡು ಸುತ್ತುತ್ತಿದ್ದರು. ಹಾಗಾಗಿ ನಮ್ಮ ಅತ್ತೆ ಇಡೀ ಮೆರವಣಿಗೆಗೆ ಎದುರಾಗಿ ನಡೆಯುತ್ತಿದ್ದರು.

ಬೇರೆ ಯಾರಾದರೂ ಆಗಿದ್ದರೆ ಬೈದು ಪಕ್ಕಕ್ಕೆ ಎಳೆಯುತ್ತಿದ್ದರು. ಇವರು ಜಪಾನಿನವರು, ಬಗ್ಗಿ ನಮಸ್ಕರಿಸಿದರು. ಅತ್ತೆ ಕೈಮುಗಿದರು. ಅವರು ಇನ್ನೂ ಸ್ವಲ್ಪ ಬಗ್ಗಿದರು. ಅತ್ತೆಯೂ ಬಿಡಲಿಲ್ಲ. ಹಿಂದಿನಿಂದ ಬಂದವರು ನಿಂತರು, ಅವರ ಹಿಂದಿನವರೂ ನಿಂತರು, ಡೋಲಿನವನೊಬ್ಬ ಮಾತ್ರ ಏನೂ ಗೊತ್ತಿಲ್ಲದೆ ಬಾರಿಸುತ್ತಿದ್ದ. ಪೀಕ್ ಅವರ್‌ನಲ್ಲೂ ಜಾಮ್ ಕಾಣದ ಊರಿಗೆ ಅತ್ತೆ ಸಿಲ್ಕ್ ಬೋರ್ಡ್ ಜಂಕ್ಷನ್ ತಂದು ತೋರಿಸಿದರು.

ಗಂಡ ಓಡಿಹೋಗಿ ಅವರನ್ನು ಕರೆತಂದರು. ಮಗಳೂ ಹಿಂದೆಯೇ ಬಂದಳು. ಅವಳ ಮುಖ ಅತ್ತೆ ತಿಂದ ಐಸಿನ ಬಣ್ಣಕ್ಕೆ ತಿರುಗಿತ್ತು.

"ಅಜ್ಜಿ, ಅದು ಟೆಂಪಲ್ ಅಲ್ಲ. ದೇವ್ರು ಇಲ್ಲ, ಬರೀ ಡ್ರಮ್."

"ದೇವರಿಲ್ಲದೆ ಯಾರಾದ್ರೂ ಸುತ್ತುತಾರೇನೇ?" ಎಂದರು ಅತ್ತೆ. "ಅದೂ ಎಲ್ಲರೂ ಅಪ್ರದಕ್ಷಿಣೆ. ಹಬ್ಬದ ದಿನ ಹಾಗೆ ಸುತ್ತಬಾರದು. ಹಾಗೆ ಸುತ್ತೋದು ಹೋದವರ ಕಾರ್ಯದಲ್ಲಿ."

"ಯೆಸ್, ಅದೇ," ಎಂದಳು ಮಗಳು. "ಇದು ಸತ್ತೋದವ್ರ ಹಬ್ಬ. ಈ ಟೈಮಲ್ಲಿ ಅವ್ರೆಲ್ಲ ಮನೆಗೆ ವಾಪಸ್ ಬರ್ತಾರೆ, ಅದಕ್ಕೆ ಡ್ಯಾನ್ಸ್. ಲ್ಯಾಂಟರ್ನ್ ಹಾಕೋದು ಅವ್ರಿಗೆ ದಾರಿ ಗೊತ್ತಾಗ್ಲಿ ಅಂತ. ಟೀಚರ್ ಹೇಳ್ಕೊಟ್ಟಿದ್ದಾರೆ. ಪಪ್ಪಂಗೆ ಗೊತ್ತಿರ್ಲಿಲ್ವಾ?"

ಪಪ್ಪನಿಗೆ ಗೊತ್ತಿರಲಿಲ್ಲ. ಟಾಯ್ಲೆಟ್ ಎಲ್ಲಿದೆ, ಕುರ್ಚಿ ಸಿಗುತ್ತದೆಯೇ, ಮಳೆ ಬಂದರೆ ಎಲ್ಲಿ ನಿಲ್ಲಬೇಕು, ಎಲ್ಲ ವಿಚಾರಿಸಿಕೊಂಡಿದ್ದ ಮನುಷ್ಯ, ಹಬ್ಬ ಯಾರದು ಎಂದು ಮಾತ್ರ ಕೇಳಿರಲಿಲ್ಲ. ಒಂದು ವರ್ಷ ಮಾವನ ಹೆಸರೆತ್ತದಂತೆ ಕಾವಲು ಕಾದು, ಕೊನೆಗೆ ತಾಯಿಯ ಕೈಹಿಡಿದು ಕರೆದುಕೊಂಡು ಬಂದದ್ದು ಎಲ್ಲಿಗೆ ನೋಡಿ. ನಮ್ಮ ಮಹಾಲಯ ಅಮಾವಾಸ್ಯೆಯನ್ನೇ ಡೋಲು ಬಾರಿಸಿ ಮಾಡುವವರ ನಡುವೆ. ನಗು ಬಂತು ನನಗೆ. ಗಂಡನ ಮುಖ ನೋಡಿ ನುಂಗಿಕೊಂಡೆ.

"ಅಮ್ಮ, ಹೊರಡೋಣ. ಸೆಕೆ ಜಾಸ್ತಿ ಇದೆ. ಮಾತ್ರೆ ಟೈಮ್ ಬೇರೆ ಆಯ್ತು" ಎಂದು ಬ್ಯಾಗ್ ಎತ್ತಿದರು.

ಅತ್ತೆ ದೀಪಗಳ ಕಡೆ ನೋಡುತ್ತಿದ್ದರು. "ಎಲ್ಲರ ಮನೆಯವರೂ ಬರ್ತಾರಾ? ಅವರ ಪೈಕಿಯವರು ಮಾತ್ರಾನಾ?" ಎಂದು ಮೊಮ್ಮಗಳನ್ನು ಕೇಳಿದರು.

ಅವಳು ಸ್ವಲ್ಪ ಯೋಚಿಸಿದಳು. "ಪೋಸ್ಟರಲ್ಲಿ ಆಲ್ ಆರ್ ವೆಲ್‌ಕಮ್ ಅಂತ ಇತ್ತು, ಅಜ್ಜಿ."

ಅತ್ತೆ ಸೆರಗು ಸರಿಮಾಡಿಕೊಂಡು ಮತ್ತೆ ಒಳಗೆ ಹೋದರು. ಮತ್ತೆ ಅದೇ ದಿಕ್ಕಿಗೆ, ಎಲ್ಲರಿಗೂ ಎದುರಾಗಿ. ಈ ಸಲ ಕೈಮುಗಿದಿರಲಿಲ್ಲ. ಅಂಚಿನಲ್ಲೇ ನಡೆಯುತ್ತ, ಎದುರಿಗೆ ಬರುವ ಒಬ್ಬೊಬ್ಬರ ಮುಖವನ್ನೂ ತಲೆಯೆತ್ತಿ ನೋಡುತ್ತ ಹೋದರು. ಜನ ಈಗ ತಾವೇ ಅರಿತುಕೊಂಡು ದಾರಿ ಬಿಡುತ್ತಿದ್ದರು. ಗಂಡ ಹಿಂದೆ ಓಡಿದರು, ನಾನು ಚಪ್ಪಲಿ ಹಿಡಿದುಕೊಂಡು ಅವರ ಹಿಂದೆ.

"ಅಮ್ಮ, ಆ ಕಡೆ ತಿರುಗಮ್ಮ. ನೀನೇ ಹೇಳಿದ್ಯಲ್ಲ, ಇಂಥದಕ್ಕೆ ಹಾಗೇ ಸುತ್ತಬೇಕು ಅಂತ. ಎಲ್ಲರ ಜೊತೆ ಹೋಗು."

ಅತ್ತೆ ನಿಲ್ಲಲಿಲ್ಲ. "ಅವರ ಹಿಂದೆ ಹೋದ್ರೆ ಬರೀ ಬೆನ್ನು ಕಾಣುತ್ತೆ ಕಣೋ" ಎಂದರು. "ಜೀವಮಾನ ಎಲ್ಲ ನಿಮ್ಮಪ್ಪನ ಬೆನ್ನು ನೋಡಿದ್ದಾಯ್ತು. ಇವತ್ತು ಬಂದ್ರೆ ಎದುರಿಂದ ಬರಲಿ. ಮುಖ ನೋಡ್ತೀನಿ."

ನೀರು ಕುಡೀತೀಯಾ ಎಂದು ಗಂಡ ಕೇಳಲಿಲ್ಲ. ಡೋಲಿನ ಆ ಗದ್ದಲದಲ್ಲಿ ತಾಯಿಯ ಪಕ್ಕದಲ್ಲಿ ನಡೆಯತೊಡಗಿದರು, ಅವರ ಹೆಜ್ಜೆಗೆ ಹೆಜ್ಜೆ ಸೇರಿಸಿ. ಮದುವೆಯಾದ ಇಷ್ಟು ವರ್ಷಗಳಲ್ಲಿ ಈ ಮನುಷ್ಯ ಯಾರದಾದರೂ ಪಕ್ಕದಲ್ಲಿ ನಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ಸ್ವಲ್ಪ ದೂರ ಹೋದ ಮೇಲೆ ನೋಡುತ್ತೇನೆ, ಅವರೂ ತಲೆಯೆತ್ತಿ ಮುಖಗಳನ್ನು ನೋಡುತ್ತಿದ್ದಾರೆ. ಬೀಸಣಿಗೆ ಹಿಡಿದ ಅಜ್ಜಂದಿರು, ತಲೆಗೆ ಟವೆಲ್ ಕಟ್ಟಿದ ಹುಡುಗರು, ಅಪ್ಪನ ಹೆಗಲ ಮೇಲೆ ಕೂತ ಮಗು, ಯಾರನ್ನೂ ಬಿಡದೆ.

ನಾನೂ ನೋಡಿದೆ. ಸುಳ್ಳೇಕೆ ಹೇಳಲಿ.

ಡೋಲು ನಿಂತಿತು. ಅತ್ತೆ ಚಪ್ಪಲಿ ಹಾಕಿಕೊಂಡರು. ಅವರಿಗೆ ಯಾರು ಕಂಡರೋ ಬಿಟ್ಟರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಮಗಳು ಹಸಿವು ಎಂದಳು. ಅಲ್ಲೇ ಬೆಂಚಿನ ಮೇಲೆ ಕೂತು ಚಿತ್ರಾನ್ನ ಮುಗಿಸಿ, ನೀರಿನ ಪಕ್ಕದ ಕಾಲುದಾರಿಯಲ್ಲಿ ಮನೆಯ ಕಡೆ ಹೊರಟೆವು.

ಗಂಡ ಮತ್ತೆ ಮುಂದೆ. ಹುಟ್ಟುಗುಣ ಒಂದು ಡೋಲಿಗೆ ಹೋಗುತ್ತದೆಯೇ ಎಂದು ನಾನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಸೇತುವೆಯ ಹತ್ತಿರ ಅವರು ನಿಂತರು. ನಿಂತು, ಪೂರ್ತಿ ತಿರುಗಿ, ನಾವು ಬರುವ ತನಕ ನಮ್ಮ ಕಡೆಗೇ ಮುಖ ಮಾಡಿಕೊಂಡಿದ್ದರು.

"ಅಮ್ಮ," ಎಂದರು, "ಅವತ್ತು ಮಾರ್ಕೆಟ್ಟಲ್ಲಿ ನೀನು ಕಳೆದುಹೋಗಿದ್ದೆ ಅಲ್ವಾ, ಬಸ್ ಸ್ಟ್ಯಾಂಡಿಗೆ ಹೋಗಿಬಿಟ್ಟಿದ್ದೆ. ನಾನು ಅಪ್ಪನ ಜೊತೆ ಇದ್ದೆ. ಅಪ್ಪ ಅವತ್ತು..."

ಮುಂದಿನ ಮಾತು ಬರಲಿಲ್ಲ. ಇನ್ನೊಂದು ಸಲ "ಅಪ್ಪ" ಎಂದರು, ಅಲ್ಲಿಗೇ ನಿಂತಿತು. ಒಂದು ವರ್ಷದಿಂದ ಯಾರ ಬಿಪಿಯನ್ನು ಕಾಯುತ್ತಿದ್ದರು ಎಂದು ಯಾವ ಮೆಷಿನ್ನೂ ಹೇಳಬೇಕಾಗಿರಲಿಲ್ಲ.

ಅತ್ತೆ ಅವರ ಬ್ಯಾಗಿನ ಪಕ್ಕದ ಜೇಬಿನಿಂದ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ, ಮಗನ ಕೈಗೆ ಕೊಟ್ಟರು.

"ನೀರು ಕುಡಿ" ಎಂದರು. "ಕುಡಿದು ಹೇಳು."