ಮಾಹಿತಿ ಇಲ್ಲ ಎಂದು ಬರೆಯದ ಸಿಸ್ಟರ್

ಸಿಸ್ಟರ್ ಅವರ ಕತ್ತು ಸದಾ ಎಡಕ್ಕೆ ತುಸು ವಾಲಿರುತ್ತಿತ್ತು. ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಫೈಲು ತಿರುವುತ್ತ ವರ್ಷಗಟ್ಟಲೆ ಮಾತಾಡಿದ್ದರ ಫಲ ಅದು. ಫೋನ್ ಇಟ್ಟ ಮೇಲೂ ಕತ್ತು ನೆಟ್ಟಗಾಗುತ್ತಿರಲಿಲ್ಲ.

ನಮ್ಮದು ಮೈಸೂರಿನ ಒಂದು ಆಸ್ಪತ್ರೆಯ ಹೃದ್ರೋಗ ವಿಭಾಗ. ಹಾರ್ಟ್ ಅಟ್ಯಾಕ್ ಆಗಿ ಬಂದು, ಚಿಕಿತ್ಸೆ ಪಡೆದು ಮನೆಗೆ ಹೋದವರು ಆಮೇಲೆ ಹೇಗಿದ್ದಾರೆಂದು ಪ್ರತಿ ತಿಂಗಳೂ ಫೋನ್ ಮಾಡಿ ವಿಚಾರಿಸುವುದು ಸಿಸ್ಟರ್ ಕೆಲಸ. ಅದನ್ನು ಕಂಪ್ಯೂಟರಿಗೆ ಏರಿಸುವುದು ನನ್ನದು. ದಿನಚರಿಯಲ್ಲಿ ಕರೆಂಟು ಹೋದ ಹೊತ್ತನ್ನೂ ಗುರುತು ಹಾಕುವವಳು ನಾನು. ಇದ್ದಾರೆ, ತೀರಿಕೊಂಡರು, ಮಾಹಿತಿ ಇಲ್ಲ: ಈ ಮೂರು ಕಾಲಂ ತುಂಬಿದರೆ ನನ್ನ ಮಟ್ಟಿಗೆ ಕೆಲಸ ಮುಗಿಯುತ್ತಿತ್ತು.

ಸಿಸ್ಟರ್ ಯಾರನ್ನೂ "ಹೇಗಿದ್ದೀರಿ?" ಎಂದು ಕೇಳುತ್ತಿರಲಿಲ್ಲ. "ಕೇಳುದ್ರೆ ಎಲ್ರೂ ಚೆನ್ನಾಗಿದೀನಿ ಅಂತಾರೆ ಕಣಮ್ಮ, ಐಸಿಯುನಲ್ಲಿ ಮಲಗಿರೋರೂ ಅಂಗೇ ಅನ್ನೋದು," ಎನ್ನುತ್ತಿದ್ದರು. ಅವರು ಕೇಳುತ್ತಿದ್ದದ್ದು ಇಷ್ಟೇ: "ಮಾತ್ರೆ ಶೀಟು ಕೈಗೆ ತಗೊಳ್ಳಿ. ಎಷ್ಟು ಉಳಿದಿದೆ, ನೋಡಿ ಹೇಳಿ."

ಹೂಟಗಳ್ಳಿಯ ಫಿಟ್ಟರ್ ಒಬ್ಬರು ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಹೃದಯದ ಕಟ್ಟಿದ ರಕ್ತನಾಳ ತೆರೆಯಲು ಸ್ಟೆಂಟ್ ಹಾಕಿ ಇನ್ನೂ ವರ್ಷವಾಗಿರಲಿಲ್ಲ. ನಾನು 'ಮಾಹಿತಿ ಇಲ್ಲ' ಎಂದು ತುಂಬಲು ಹೊರಟೆ.

"ಅಷ್ಟು ಬರೆಯೋಕೆ ನಾವಿಬ್ರು ಬೇಕಾ? ಭಾನುವಾರ ಬಾ, ನೋಡ್ಕೊಂಡು ಬರೋಣ," ಎಂದರು ಸಿಸ್ಟರ್.

ಬಸ್ಸಿಳಿದು ಮನೆ ಹುಡುಕಿದೆವು. ಫಿಟ್ಟರ್ ಬಾಗಿಲಲ್ಲೇ ಪಕ್ಕದ ಮನೆಯವರ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದರು. ಮಾತ್ರೆ ಬಿಟ್ಟು ಕೆಲವು ದಿನಗಳಾಗಿದ್ದವು.

"ಸ್ಪ್ರಿಂಗ್ ಹಾಕಿ ಪೈಪ್ ಓಪನ್ ಮಾಡ್ಬುಟ್ರಲ್ಲ ಸಿಸ್ಟರ್, ಇನ್ಯಾಕೆ ಮಾತ್ರೆ?"

"ನಾನೇಳುದ್ರೆ, ಮೆಷಿನ್ ವಿಚಾರ ನಿಂಗೇನ್ ಗೊತ್ತು ಅಂತಾರೆ," ಎಂದರು ಅವರ ಹೆಂಡತಿ ಒಳಗಿನಿಂದ.

ಸಿಸ್ಟರ್ ನಗಲಿಲ್ಲ. "ಹೊಸ ಬೇರಿಂಗ್ ಹಾಕಿದ್ಮೇಲೆ ಆಯಿಲ್ ಬಿಡೋದು ನಿಲ್ಲಿಸ್ತೀರೇನ್ರೀ? ಮಾತ್ರೆ ಬಿಟ್ರೆ ಆ ಸ್ಪ್ರಿಂಗಲ್ಲೇ ರಕ್ತ ಹೆಪ್ಪುಗಟ್ಟುತ್ತೆ. ಈ ಸಲ ಆಸ್ಪತ್ರೆ ತಲುಪೋಕೂ ಟೈಮ್ ಸಿಗಲ್ಲ."

ಫಿಟ್ಟರ್ ಸ್ಕ್ರೂಡ್ರೈವರ್ ಕೆಳಗಿಟ್ಟರು. ಮಿಕ್ಸಿಯನ್ನು ಹಾಗೇ ಬಿಟ್ಟು ನಮ್ಮ ಜೊತೆಯಲ್ಲೇ ಬಸ್ ಹತ್ತಿದರು. ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ನೋಡಿ ಮತ್ತೆ ಮಾತ್ರೆ ಶುರು ಮಾಡಿಸಿದರು.

ಸಿಸ್ಟರ್ ಕಳೆದ ವರ್ಷ ಕ್ಯಾನ್ಸರಿನಿಂದ ತೀರಿಕೊಂಡರು. ಮಣ್ಣು ಮುಗಿಸಿ ಬಂದವಳು ಅವರ ಕುರ್ಚಿಯಲ್ಲಿ ಕೂತು, ಅಂದು ಮಾಡಬೇಕಿದ್ದ ಫೋನುಗಳನ್ನು ಒಂದೂ ಬಿಡದೆ ಮಾಡಿದೆ. ಅವರು ನನಗೆ ಕಲಿಸಿದ್ದೇ ಅದು. ಫಿಟ್ಟರಿಗೆ ವಿಷಯ ಹೇಳಬೇಕಾಯಿತು.

"ನಮ್ ಕಡೆಯೋರು ಯಾರಾದ್ರೂ ಫೋನ್ ಎತ್ತದಿದ್ರೆ ನಂಗೇಳಮ್ಮ," ಅಂದರು ಅವರು. "ಸ್ಕೂಟರ್ ಅದೆ. ನಾನೋಗಿ ನೋಡ್ಕಂಡ್ ಬತ್ತೀನಿ."

ಮರುವಾರವೇ ಹೂಟಗಳ್ಳಿ ಕಡೆಯ ಒಬ್ಬರು ಫೋನ್ ಎತ್ತಲಿಲ್ಲ. ಫಿಟ್ಟರಿಗೆ ತಿಳಿಸಿದೆ. ಮಧ್ಯಾಹ್ನದೊಳಗೆ ಆ ರೋಗಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡೇ ಆಸ್ಪತ್ರೆಗೆ ಬಂದರು.